ಮರಳುಗ್ರಹದ ಬೇಹುಗಾರರು: ‘ಡ್ಯೂನ್: ಇಂಪೀರಿಯಂ – ಅಪ್‌ರೈಸಿಂಗ್’ ಬೋರ್ಡ್ ಗೇಮ್ ಹೇಗಿದೆ?

ಫ್ರ್ಯಾಂಕ್ ಹರ್ಬರ್ಟ್ ಬರೆದ ‘ಡ್ಯೂನ್’ ಕಾದಂಬರಿಯ ಅರಾಕಿಸ್ ಎಂಬ ಕಲ್ಪಿತ ಮರಳುಗ್ರಹದಲ್ಲಿ ಯಾರ ಕಣ್ಣಿಗೂ ಬೀಳದೆ ಎಲ್ಲರ ಸುದ್ದಿ ಹಿಡಿದಿಟ್ಟುಕೊಂಡವರು ಫ್ರೆಮೆನ್ ಬುಡಕಟ್ಟಿನವರು. ಝೆನ್ಸುನ್ನಿ ಅಲೆಮಾರಿಗಳ ವಂಶ ಅವರದು. ದೈತ್ಯ ಮರಳುಹುಳುವನ್ನು ಶಾಯ್-ಹುಲೂದ್ ಎಂದು ಭಕ್ತಿಯಿಂದ ಕರೆಯುತ್ತಾರೆ. ಬಾವಲಿಯ ಕೂಗಿನೊಳಗೆ ಸಂದೇಶ ಅಡಗಿಸಿ ಒಂದು ಸೀಚ್‌ನಿಂದ, ಎಂದರೆ ಗುಹೆಯೊಳಗಿನ ಒಂದು ಊರಿನಿಂದ, ಇನ್ನೊಂದಕ್ಕೆ ಕಳಿಸುತ್ತಾರೆ. ಮೇಲಿನಿಂದ ಯಾರೂ ತಮ್ಮ ನೆಲವನ್ನು ನೋಡದಿರಲೆಂದು ಗ್ರಹಗಳ ನಡುವಿನ ಸಾರಿಗೆ ನಡೆಸುವ ಗಿಲ್ಡ್‌ಗೆ ಸ್ಪೈಸ್, ಎಂದರೆ ಆ ಮರಳಿನಲ್ಲಿ ಸಿಗುವ ಬೆಲೆಬಾಳುವ ವಸ್ತು, ಲಂಚ ಕೊಟ್ಟು ಉಪಗ್ರಹಗಳನ್ನು ದೂರ ಇಟ್ಟಿದ್ದಾರೆ. ಇನ್ನೊಂದು ಕಡೆ ಬೆನೆ ಜೆಸರಿಟ್ ಎಂಬ ಹೆಂಗಸರ ಪಂಥ, ಮುಂದೆ ಎಂದಾದರೂ ಬೇಕಾದೀತೆಂದು, ಇದೇ ಜನರ ನಡುವೆ ಭವಿಷ್ಯವಾಣಿಗಳನ್ನು ಬಿತ್ತಿಟ್ಟಿದೆ. ಇಷ್ಟನ್ನೂ ಒಂದು ಮೇಜಿನ ಮೇಲೆ ಆಡಿಸುವುದು ಸಣ್ಣ ಕೆಲಸವಲ್ಲ. ಪಾಲ್ ಡೆನ್ನೆನ್ ರೂಪಿಸಿ, ಡೈರ್ ವುಲ್ಫ್ 2023ರಲ್ಲಿ ಹೊರತಂದ ಈ ಆಟ ಅದರ ಬಹುಪಾಲನ್ನು ಸಾಧಿಸಿದೆ.

ಆಟದ ಚೌಕಟ್ಟು ಇಷ್ಟು. ಪ್ರತಿಯೊಬ್ಬರಿಗೂ 10 ಕಾರ್ಡಿನ ಒಂದು ಕಟ್ಟು, ಸುತ್ತಿಗೆ 5 ಕಾರ್ಡ್ ಕೈಗೆ, ಆರಂಭದಲ್ಲಿ 2 ಏಜೆಂಟ್ ಕಾಯಿ. ಒಂದು ಕಾರ್ಡ್ ಇಳಿಸಿ, ಅದರಲ್ಲಿರುವ ಚಿಹ್ನೆಗೆ ಹೊಂದುವ ಬೋರ್ಡಿನ ಮನೆಗೆ ಏಜೆಂಟನ್ನು ಕಳಿಸಬೇಕು. ಆ ಮನೆಯಲ್ಲಿ ಇನ್ನೊಬ್ಬರ ಏಜೆಂಟ್ ಕೂತಿದ್ದರೆ ದಾರಿ ಬಂದ್. ಉಳಿದ ಕಾರ್ಡುಗಳನ್ನು ಸುತ್ತಿನ ಕೊನೆಗೆ ತೆರೆದು ಹೊಸ ಕಾರ್ಡ್ ಕೊಳ್ಳುವುದು, ಆಮೇಲೆ ಯುದ್ಧ. ಯಾರಾದರೂ 10 ಅಂಕ ಮುಟ್ಟಿದ ಸುತ್ತಿಗೆ ಆಟ ಮುಗಿಯುತ್ತದೆ.

ಈ ಪೆಟ್ಟಿಗೆಯ ಜೀವ ಇರುವುದು ಸ್ಪೈ ಕಾಯಿಗಳಲ್ಲಿ. ಒಬ್ಬೊಬ್ಬರಿಗೆ 3. ಮನೆಗಳ ನಡುವೆ ಗೆರೆ ಎಳೆದು ಜೋಡಿಸಿದ ಕಾವಲು ನೆಲೆಗಳಿವೆ. ಖಾಲಿ ಇರುವ ನೆಲೆಯಲ್ಲಿ ಮಾತ್ರ ಸ್ಪೈ ಇಡಬಹುದು. ಇಟ್ಟ ಸ್ಪೈಯಿಂದ ಮೂರು ಉಪಯೋಗ. ಒಂದು, ಸ್ಪೈ ಚಿಹ್ನೆ ಇರುವ ಕಾರ್ಡ್ ಇಳಿಸಿದರೆ, ನಿಮ್ಮ ಸ್ಪೈ ಕಣ್ಣಿಟ್ಟಿರುವ ಯಾವ ಮನೆಗಾದರೂ ಏಜೆಂಟ್ ಹೋಗಬಹುದು. ಇದಕ್ಕೆ ಸ್ಪೈಯನ್ನು ಹಿಂದೆ ತೆಗೆಯಬೇಕಾಗಿಲ್ಲ. ಎರಡು, ಎದುರಾಳಿ ಕೂತ ಮನೆಗೇ ನುಗ್ಗಬೇಕಾದರೆ ಅದಕ್ಕೆ ಹೊಂದಿದ ಸ್ಪೈಯನ್ನು ಹಿಂದಕ್ಕೆ ಕರೆಸಿಕೊಂಡು ನುಗ್ಗಬಹುದು. ಮೂರು, ಸ್ಪೈ ಇರುವ ಮನೆಗೆ ಹೋದಾಗ ಅದನ್ನು ಹಿಂದೆ ತೆಗೆದು ಒಂದು ಕಾರ್ಡ್ ಎಳೆಯಬಹುದು. ಒಂದೇ ಸ್ಪೈಯಿಂದ ನುಗ್ಗುವುದು, ಕಾರ್ಡ್ ಎಳೆಯುವುದು ಎರಡೂ ಆಗದು.

ಹೊಸಬರ ಮೇಜಿನಲ್ಲಿ ಕೆಡುವುದು ಇಲ್ಲೇ. ಕಾರ್ಡ್ ಸಿಗುತ್ತದಲ್ಲ ಎಂದು ಸ್ಪೈಯನ್ನು ಮರುಕ್ಷಣವೇ ಎತ್ತಿಬಿಡುತ್ತಾರೆ. ಎರಡು ಸುತ್ತು ಕಳೆದಾಗ ಬೇಕಾದ ಮನೆಯಲ್ಲಿ ಬೇರೆಯವರು ಕೂತಿರುತ್ತಾರೆ, ನುಗ್ಗಲು ದಾರಿ ಇಲ್ಲ. ಇನ್ನು ಕೆಲವರು ಮೂರನ್ನೂ ಇಟ್ಟು ಆಟ ಮುಗಿಯುವವರೆಗೆ ಮುಟ್ಟುವುದೇ ಇಲ್ಲ. ಒಂದನ್ನು ನುಗ್ಗಲು ಕಾಯ್ದಿರಿಸಿ, ಒಂದನ್ನು ಸ್ಪೈ ಕಾರ್ಡಿಗೆಂದು ಬಿಟ್ಟು, ಮೂರನೆಯದನ್ನು ತಿರುಗಿಸುತ್ತಿರುವುದು ಒಳ್ಳೆಯ ಲೆಕ್ಕ. ಕೈಯಲ್ಲಿ ಸ್ಪೈ ಚಿಹ್ನೆಯ ಕಾರ್ಡ್ ಇಲ್ಲದಿದ್ದರೆ ಎರಡನೆಯದು ಬರೀ ಕಾವಲು ಎಂಬುದೂ ನೆನಪಿರಲಿ. ಆರಂಭದ ಕಟ್ಟಿನ ಮೇಲೆ ಅದಕ್ಕಾಗಿ ನೆಚ್ಚಿಕೊಳ್ಳದೆ, ಕೊಳ್ಳಲು ಇಟ್ಟ ಕಾರ್ಡುಗಳ ಸಾಲಿನಲ್ಲಿ ಅಂಥದ್ದು ಕಂಡ ತಕ್ಷಣ ಕೊಳ್ಳುವುದು ಲೇಸು.

ಆದರೆ ಸ್ಪೈ ಇಟ್ಟ ಮಾತ್ರಕ್ಕೆ ಗೆಲುವಿಲ್ಲ. ಬೇಹುಗಾರಿಕೆಗೆ ಫಲ ಬರುವುದು ಅದನ್ನು ಫ್ರೆಮೆನ್ ದಾರಿಗೆ ಜೋಡಿಸಿದಾಗ. ನಮ್ಮ ಮಟ್ಟಿಗೆ ಈ ಆಟದ ಅತ್ಯುತ್ತಮ ಭಾಗ ಅದೇ. ಮೊದಲ ಸುತ್ತಿನಲ್ಲೇ ‘ಎಸ್ಪಿಯೊನೇಜ್’ ಮನೆಗೆ ಹೋಗೋಣವೆಂದರೆ ಅಲ್ಲಿ 1 ಸ್ಪೈಸ್ ಕೊಡಬೇಕು, ಆರಂಭದಲ್ಲಿ ಕೈಯಲ್ಲಿರುವುದು 1 ನೀರು ಮಾತ್ರ. ಆದ್ದರಿಂದ ಮೊದಲ ಏಜೆಂಟನ್ನು ‘ಇಂಪೀರಿಯಲ್ ಬೇಸಿನ್’ಗೆ ಕಳಿಸಿ 1 ಸ್ಪೈಸ್ ತನ್ನಿ. ಎರಡನೆಯವನನ್ನು ‘ಡಿಪ್ಲೊಮಸಿ’ ಕಾರ್ಡಿನಿಂದ ಎಸ್ಪಿಯೊನೇಜ್‌ಗೆ ಕಳಿಸಿ. ಅಲ್ಲಿ ಒಂದು ಕಾರ್ಡ್, ಒಂದು ಸ್ಪೈ, ಬೆನೆ ಜೆಸರಿಟ್ ಪಂಥದ ವಿಶ್ವಾಸದಲ್ಲಿ ಒಂದು ಮೆಟ್ಟಿಲು ಸಿಗುತ್ತದೆ. ಆ ಸ್ಪೈಯನ್ನು ಫ್ರೆಮೆನ್‌ನ ಎರಡು ಮನೆಗಳ ನಡುವಿನ ನೆಲೆಯಲ್ಲೇ ಕೂರಿಸಿ. ಇನ್ನು ಮುಂದೆ ಫ್ರೆಮೆನ್ ಚಿಹ್ನೆ ಇಲ್ಲದಿದ್ದರೂ ಸ್ಪೈ ಕಾರ್ಡಿನಿಂದ ಅಲ್ಲಿ ಹೊಗಬಹುದು. ಯಾರಾದರೂ ಅಡ್ಡ ಕೂತರೆ ನುಗ್ಗಲೂಬಹುದು.

ಎರಡು ಮನೆಗಳಲ್ಲಿ ‘ಫ್ರೆಮ್‌ಕಿಟ್’ಗೆ ಖರ್ಚಿಲ್ಲ, ‘ಡೆಸರ್ಟ್ ಟ್ಯಾಕ್ಟಿಕ್ಸ್’ಗೆ 1 ನೀರು ಬೇಕು. ಎರಡು ಸಲ ಹೋದರೆ ಫ್ರೆಮೆನ್ ವಿಶ್ವಾಸ 2ಕ್ಕೆ ಮುಟ್ಟಿ ಒಂದು ಅಂಕ ಬರುತ್ತದೆ, ಮತ್ತು ‘ಸೀಚ್ ತಬ್ರ್’ನ ಬಾಗಿಲು ತೆರೆಯುತ್ತದೆ. ಅಲ್ಲಿ ಹುಳುವನ್ನೇರುವ ಕೊಕ್ಕೆಗಳು, ಜತೆಗೆ ಒಬ್ಬ ಸೈನಿಕ, 1 ನೀರು. ಕೊಕ್ಕೆ ಒಮ್ಮೆ ಸಿಕ್ಕರೆ ಆಟ ಮುಗಿಯುವವರೆಗೂ ನಿಮ್ಮದು. ಆಮೇಲೆ ‘ಹಗ್ಗಾ ಬೇಸಿನ್’ನಲ್ಲಿ 1 ನೀರು ಕೊಟ್ಟರೆ 2 ಸ್ಪೈಸ್ ಬದಲು ಒಂದು ಹುಳು, ‘ಡೀಪ್ ಡೆಸರ್ಟ್’ನಲ್ಲಿ 3 ನೀರಿಗೆ 4 ಸ್ಪೈಸ್ ಬದಲು ಎರಡು ಹುಳು ಬರುತ್ತವೆ. ಸೈನಿಕನ ಬಲ 2, ಹುಳುವಿನದು 3. ಅದಕ್ಕಿಂತ ದೊಡ್ಡದು, ಯುದ್ಧದಲ್ಲಿ ನಿಮ್ಮದೊಂದು ಹುಳು ಇದ್ದರೆ ಬಹುಮಾನ ಇಮ್ಮಡಿಯಾಗುವುದು. ಎರಡನೇ ಸ್ಥಾನ ಬಂದರೂ ಇಮ್ಮಡಿಯೇ.

ಇಲ್ಲಿ ಒಂದು ಗುಂಡಿ ಇದೆ. ಅರಾಕೀನ್, ಸ್ಪೈಸ್ ರಿಫೈನರಿ, ಇಂಪೀರಿಯಲ್ ಬೇಸಿನ್ ಮೇಲಿನ ಯುದ್ಧಗಳಿಗೆ ಕಲ್ಲುಗೋಡೆಯ ರಕ್ಷಣೆ ಇದೆ. ಗೋಡೆ ನಿಂತಿರುವವರೆಗೆ ಅಲ್ಲಿ ಹುಳು ಬರುವುದಿಲ್ಲ. ನೀರು ಕೂಡಿಟ್ಟು, ಆ ಸುತ್ತಿನ ಯುದ್ಧದ ಕಾರ್ಡ್ ನೋಡದೆ ಡೀಪ್ ಡೆಸರ್ಟ್‌ಗೆ ಹೋದವರಿಗೆ ಸ್ಪೈಸ್ ಬಿಟ್ಟರೆ ಬೇರೆ ಗತಿಯಿಲ್ಲ. ಗೋಡೆ ಒಡೆಯುವ ಅವಕಾಶವೂ ಸೀಚ್ ತಬ್ರ್‌ನಲ್ಲೇ ಇದೆ, ಆದರೆ ಅದನ್ನು ಆರಿಸಿದರೆ ಆ ಸಲ ಕೊಕ್ಕೆ ಇಲ್ಲ. ಒಡೆದ ಗೋಡೆ ಎಲ್ಲರಿಗೂ ಒಡೆದದ್ದೇ. ಎದುರಾಳಿಯ ಬಳಿ ಕೊಕ್ಕೆ ಇದ್ದರೆ ನಿಮ್ಮ ಶ್ರಮದ ಲಾಭ ಅವರಿಗೂ ಹೋಗುತ್ತದೆ.

ಗುಟ್ಟಿನ ವಿಷಯಕ್ಕೆ ಬಂದರೆ, ನಮ್ಮ ಚೆನ್ನೆಮಣೆಯಲ್ಲಿ ಹದಿನಾಲ್ಕು ಗುಳಿಯ ಕಾಯಿಗಳೂ ಎದುರಾಳಿಯ ಕಣ್ಣ ಮುಂದೆಯೇ ಇರುತ್ತವೆ, ಸೋಲು ಗೆಲುವು ಎಣಿಕೆಯ ಮೇಲೆ. ಇಲ್ಲಿ ಹಾಗಲ್ಲ. ‘ಇಂಟ್ರಿಗ್’, ಎಂದರೆ ಒಳಸಂಚಿನ, ಕಾರ್ಡುಗಳನ್ನು ಮುಚ್ಚಿಯೇ ಇಟ್ಟುಕೊಂಡು ಯುದ್ಧದ ಕೊನೆ ಗಳಿಗೆಯಲ್ಲಿ ಎಸೆಯಬಹುದು. ನಾಲ್ಕಕ್ಕಿಂತ ಹೆಚ್ಚು ಕೂಡಿಡೋಣ ಎಂಬ ಆಸೆ ಬೇಡ. ನಾಲ್ಕಾದರೇ ಸಾಕು, ಬೆನೆ ಜೆಸರಿಟ್‌ನ ‘ಸೀಕ್ರೆಟ್ಸ್’ ಮನೆಗೆ ಹೋದವರು ನಿಮ್ಮ ಕೈಯಿಂದ ಒಂದನ್ನು ಎಳೆದುಕೊಳ್ಳುತ್ತಾರೆ.

ಕೊರತೆ ಇಲ್ಲದಿಲ್ಲ. ಬೇಹುಗಾರಿಕೆಯನ್ನು ಆಟ ಎಲ್ಲ ಆಟಗಾರರಿಗೂ ಒಂದೇ ಅಳತೆಯಲ್ಲಿ ಹಂಚಿದೆ. ಫ್ರೆಮೆನ್ನರ ಜಾಲ ನಂಬಿಕೆಯಿಂದ ಹೆಣೆದದ್ದು, ದುಡ್ಡಿಗೆ ಸಿಗುವಂಥದ್ದಲ್ಲ. ಬಾವಲಿಯ ಸಂದೇಶಕ್ಕೆ, ಗಿಲ್ಡ್‌ಗೆ ಕೊಟ್ಟ ಲಂಚಕ್ಕೆ ಬೋರ್ಡಿನಲ್ಲಿ ಜಾಗವೇ ಇಲ್ಲ. ಫ್ರೆಮೆನ್ ನೆಲೆಯಲ್ಲಿ ಇಟ್ಟ ಸ್ಪೈಗೆ ಏನಾದರೂ ಬೇರೆ ಗುಣ ಕೊಟ್ಟಿದ್ದರೆ ಆಟ ಇನ್ನೂ ಒಂದು ತೂಕ ಹೆಚ್ಚುತ್ತಿತ್ತು. ಶ್ರದ್ಧೆಯ ಬಲ ಕಾಣುವುದು ಕೊಕ್ಕೆ ಮತ್ತು ಹುಳುವಿನಲ್ಲಿ ಮಾತ್ರ. ಅಲ್ಲಿ ಮಾತ್ರ ಅದು ಭರ್ಜರಿಯಾಗಿ ಬಂದಿದೆ.

ಕಾಸರಗೋಡಿನ ಕಡೆ ತರಿಸುವವರಿಗೆ ಕೆಲವು ಮಾತು. ಮಂಜೇಶ್ವರದಿಂದ ತೆಂಕಣಕ್ಕೆ ಮಳೆಗಾಲದ ತೇವ ಕಾರ್ಡಿಗೆ ಶತ್ರು. ಕವರ್ ಹಾಕದ ಕಾರ್ಡ್ ಆಟಿ ತಿಂಗಳಲ್ಲಿ ಬಾಗುತ್ತದೆ, ಬಾಗಿದ ಕಾರ್ಡ್ ಕಲಸುವಾಗ ಯಾವುದೆಂದು ಗೊತ್ತಾಗಿಬಿಡುತ್ತದೆ. ಗುಟ್ಟಿನ ಆಟದಲ್ಲಿ ಅದು ದೊಡ್ಡ ದೋಷ. ಕೈಯಲ್ಲಿ ಹಿಡಿಯುವ ಕಾರ್ಡುಗಳಿಗೆ 63×88 ಮಿಲಿಮೀಟರ್ ಅಳತೆಯ ಪ್ಲಾಸ್ಟಿಕ್ ಕವರ್ ಸರಿಹೊಂದುತ್ತದೆ. ಹಿಂಬದಿ ಕಾಣದ ಬಣ್ಣದ ಕವರ್ ಆದರೆ ಇನ್ನೂ ಒಳ್ಳೆಯದು, ಒಂದು ಕಟ್ಟಿನೊಳಗೆ ಎರಡು ಬಗೆ ಬೆರೆಸಬೇಡಿ. ಪೆಟ್ಟಿಗೆಯೊಳಗೆ ಎರಡು ಮೂರು ಸಿಲಿಕಾ ಜೆಲ್ ಪೊಟ್ಟಣ ಹಾಕಿ ಕಪಾಟಿನ ಮೇಲ್ಗಡೆ ಇಡಿ. ಹೊರಗೋಡೆಗೆ ತಾಗಿಸಿ ಇಟ್ಟರೆ ರಟ್ಟಿಗೆ ಬೂಸ್ಟು ಹಿಡಿಯುವುದು ಖಂಡಿತ.

ಇನ್ನು ಭಾಷೆ. ಬೋರ್ಡಿನ ಮೇಲೆ ಚಿಹ್ನೆಗಳೇ ಹೆಚ್ಚು, ಆದರೆ ಕಾರ್ಡುಗಳಲ್ಲಿ ಇಂಗ್ಲಿಷ್ ವಾಕ್ಯಗಳಿವೆ. ಕನ್ನಡ ಮಾಧ್ಯಮದ ಹೈಸ್ಕೂಲು ಮಕ್ಕಳನ್ನು ಕೂರಿಸುವುದಾದರೆ ಒಂದು ಹಾಳೆಯಲ್ಲಿ ಸ್ಪೈಯ ಮೂರು ಉಪಯೋಗ, ಗೋಡೆಯ ರಕ್ಷಣೆ ಇರುವ ಮೂರು ಜಾಗ, ಹುಳುವಿನ ದರ, ಇಷ್ಟನ್ನು ಕನ್ನಡದಲ್ಲಿ ಬರೆದು ನಡುವೆ ಇಟ್ಟರೆ ಸಾಕು. ಕಾರ್ಡನ್ನು ಗಟ್ಟಿಯಾಗಿ ಓದಿ ಅರ್ಥ ಹೇಳಿಕೊಡುವ ಕ್ರಮ ಕೊಳ್ಳುವ ಕಾರ್ಡುಗಳಿಗೆ ನಡೆದೀತು, ಇಂಟ್ರಿಗ್‌ಗೆ ನಡೆಯದು. ಅವುಗಳ ಕನ್ನಡ ಸಾರವನ್ನು ಸಣ್ಣ ಚೀಟಿಯಲ್ಲಿ ಬರೆದು ಕವರಿನೊಳಗೆ ಮುಖದ ಕಡೆ ತೂರಿಸಿಡಬೇಕು. ಒಂದು ಸಂಜೆಯ ಕೆಲಸ, ಮಾಡಿದ್ದು ವ್ಯರ್ಥವಾಗದು.

ಮೂವರು ಅಥವಾ ನಾಲ್ವರು ಕೂತಾಗ ಆಟ ಸರಿಯಾಗಿ ರಂಗೇರುತ್ತದೆ. ಒಬ್ಬರು, ಇಬ್ಬರು ಆಡುವಾಗ ಕಾರ್ಡಿನಿಂದ ನಡೆಯುವ ಎದುರಾಳಿಗಳು ಬರುತ್ತಾರೆ, ಪರವಾಗಿಲ್ಲ. ಆರು ಜನರ ಆಟ ಮೂವರ ಎರಡು ತಂಡ. ನಿಯಮ ಬೇರೆ, ಹೊತ್ತು ಹೆಚ್ಚು, ಹೊಸಬರಿಗೆ ಬೇಡ. 2020ರ ಮೊದಲ ‘ಇಂಪೀರಿಯಂ’ ಪೆಟ್ಟಿಗೆ ಮನೆಯಲ್ಲಿದ್ದವರೂ ಇದನ್ನು ಕೊಳ್ಳಬಹುದು: ಇದಕ್ಕೆ ಅದು ಬೇಕಾಗಿಲ್ಲ, ಮತ್ತು ಸ್ಪೈಯಾಗಲಿ ಹುಳುವಿನ ಸವಾರಿಯಾಗಲಿ ಅದರಲ್ಲಿ ಇಲ್ಲ.