ಕೂಲರ್ ಪಂಪ್, ನಾಲ್ಕು ಬೇಸಿಗೆಯ ನಂತರ: ಮೋಟಾರ್ ಗಟ್ಟಿ, ವೈರೇ ವೈರಿ

ಪುಣೆಯ ತಪಕೀರ್ ಗಲ್ಲಿಯಲ್ಲಿ ಮುನ್ನೂರು ರೂಪಾಯಿಗೆ ತಂದ ಪಂಪಿಗೂ ವಿಮರ್ಶೆಯೇ ಅಂತ ಮನೆಯಲ್ಲಿ ನಗುತ್ತಿದ್ದಾರೆ. ನಗಲಿ. ಅದಕ್ಕೂ ಮೊದಲು ಎರಡು ಬೇಸಿಗೆಗೆ ಮೂರು ಪಂಪ್ ಸುಟ್ಟುಕೊಂಡವನು ನಾನು. ಅವು ಮೋಟಾರ್ ಮೇಲೆ, ಉದ್ದನೆಯ ದಂಡ ಕೆಳಗೆ ಇರುವ ಹಳೇ ಜಾತಿಯವು. ಸುತ್ತಿದ ತಾಮ್ರದ ತಂತಿ ಬರಿಮೈಯಲ್ಲಿ ಕೂತಿರುತ್ತಿತ್ತು. ಕೂಲರಿನ ಒಳಗೆ ಸದಾ ತೇವ, ಸದಾ ತುಂತುರು. ಒಂದು ಸಂಜೆ ಸುಟ್ಟ ವಾಸನೆ ಬಂತೆಂದರೆ ಮುಗಿಯಿತು.

ಇದು ಪೂರ್ತಿ ನೀರಲ್ಲೇ ಮುಳುಗಿರುತ್ತದೆ. 230 ವೋಲ್ಟ್ ನೀರೊಳಗೆ! ವೈಂಡಿಂಗನ್ನು, ಅಂದರೆ ಆ ಸುತ್ತಿದ ತಂತಿಯನ್ನು, ಪ್ಲಾಸ್ಟಿಕ್ ಡಬ್ಬಿಯಲ್ಲಿಟ್ಟು ಸಂದುಗೊಂದು ಬಿಡದೆ ಎಪಾಕ್ಸಿ ಎಂಬ ಕಲ್ಲಿನಂತೆ ಗಟ್ಟಿಯಾಗುವ ಅಂಟು ಹೊಯ್ದಿದ್ದಾರೆ. ತಿರುಗುವ ಅಯಸ್ಕಾಂತಕ್ಕೆ ಮಾತ್ರ ಬೇರೆ ಗುಳಿ, ಅದು ಒದ್ದೆಯಾದರೂ ಚಿಂತೆಯಿಲ್ಲ. 50 ಹರ್ಟ್ಜ್ ಕರೆಂಟಿನ ಪ್ರತಿ ಅರ್ಧ ಅಲೆಗೂ ಒಮ್ಮೆ, ಅಂದರೆ ಸೆಕೆಂಡಿಗೆ ನೂರು ಸಲ, ತಂತಿ ನಡುಗುತ್ತದೆ. ಬಿಡಿಯಾಗಿದ್ದರೆ ಸುತ್ತಿಗೆ ಸುತ್ತು ಉಜ್ಜಿ ತಂತಿಯ ಮೇಲಿನ ಎನಾಮೆಲ್ ಲೇಪ ಸವೆಯುತ್ತದೆ. ಇಲ್ಲಿ ಅಲುಗಾಡಲು ಜಾಗವೇ ಇಲ್ಲ. ಹೀಗೆ ಮುಚ್ಚಿದರೆ ಕಾಯುವುದಿಲ್ಲವೇ ಅಂದುಕೊಂಡಿದ್ದೆ. ಆದರೆ ಎಪಾಕ್ಸಿ ಗಾಳಿಗಿಂತ ಏಳೆಂಟು ಪಟ್ಟು ಚೆನ್ನಾಗಿ ಶಾಖ ದಾಟಿಸುತ್ತದೆ, ಹೊರಗೆ ಹೇಗೂ ನೀರಿದೆ. ನೀರು ಬತ್ತಿದ ಮೇಲೂ ಓಡಿಸಿದಿರೋ, ಆ ಲೆಕ್ಕ ಬೇರೆ.

ಏಪ್ರಿಲ್ ಬಂದರೆ ಸಂಜೆ ಆರಕ್ಕೆ ನನ್ನದೊಂದು ಪೂಜೆ. ಎರಡು ಕೊಡ ನೀರು, ಮೊದಲು ಪಂಪ್, ಐದು ನಿಮಿಷ ಬಿಟ್ಟು ಫ್ಯಾನ್. ಆ ಐದು ನಿಮಿಷದಲ್ಲಿ ಲಾವಂಚ ಮೇಲಿಂದ ಕೆಳಗೆ ಕಪ್ಪಾಗುತ್ತ ನೆನೆಯುತ್ತದೆ. ಮೊದಲ ಗಾಳಿಗೆ ಅವ್ವ ಕಣ್ಣು ಮುಚ್ಚಿ "ವಿಜಾಪುರದಾಗ ಮಳಿ ಬಂದಂಗಾತು" ಅನ್ನುತ್ತಾಳೆ. ಪಂಪಿನ ಸದ್ದು ಕೇಳಬೇಕಾದರೆ ಕಿವಿ ಹಚ್ಚಬೇಕು. ಒಂದು ತಮಾಷೆ: ಇದು ಒಂದು ದಿನ ಬಲಕ್ಕೆ ತಿರುಗಿದರೆ ಇನ್ನೊಂದು ದಿನ ಎಡಕ್ಕೆ. ಕರೆಂಟಿನ ತಾಳಕ್ಕೇ ತಿರುಗುವ ಈ ಬಗೆಯ ಸಣ್ಣ ಸಿಂಕ್ರೊನಸ್ ಮೋಟಾರಿಗೆ ದಿಕ್ಕಿನ ಹಂಗಿಲ್ಲ, ನೀರು ಮಾತ್ರ ಏರುತ್ತದೆ.

ಮೂರನೇ ಬೇಸಿಗೆಯಲ್ಲಿ ನಿಂತೇಹೋಯಿತು. ರಿವೈಂಡಿಂಗ್ ಅಂಗಡಿಗೆ ಒಯ್ದೆ. ಅಂಗಡಿಯಾತ ಕಲಬುರಗಿ ಕಡೆಯವನು, ತಿರುಗಿಸಿ ನೋಡಿ ನಕ್ಕ. "ಇದರಾಗ ಬಿಚ್ಚೂದೇನೈತ್ರಿ, ಕಲ್ಲಾಗೇತಿ." ಸಿಟ್ಟು ಬಂತು, ನಮ್ಮಪ್ಪ ಒಂದೇ ಫ್ಯಾನನ್ನು ನಾಲ್ಕು ಸಲ ಸುತ್ತಿಸಿದವರು. ಮನೆಗೆ ಬಂದು ಮುಂದಿನ ಮುಚ್ಚಳ ತೆಗೆದೆ. ಅಯಸ್ಕಾಂತದ ಸುತ್ತ ಟ್ಯಾಂಕರ್ ನೀರಿನ ಸುಣ್ಣ, ಅದಕ್ಕೆ ಸುತ್ತಿದ ಒಂದು ಕೂದಲು. ರಾತ್ರಿಯಿಡೀ ನಿಂಬೆರಸದಲ್ಲಿ ನೆನೆಹಾಕಿದೆ, ಬೆಳಿಗ್ಗೆ ಓಡಿತು. ಸಿಟ್ಟು ಇಳಿಯಿತು.

ಈ ವರ್ಷ ಮಾತ್ರ ಕ್ಷಮಿಸಲಾರೆ. ಚಳಿಗಾಲದಲ್ಲಿ ಅಟ್ಟದ ಮೇಲೆ ಇಲಿ ವೈರು ಕಡಿದಿದೆ, ಎಪಾಕ್ಸಿಯಿಂದ ಎರಡೇ ಬೆರಳು ಮೇಲೆ. ನಾನು ನೋಡದೆ ಮುಳುಗಿಸಿ ಸ್ವಿಚ್ ಹಾಕಿದೆ. ಕರೆಂಟು ಸೋರಿದರೆ ತಾನೇ ಕಡಿಯುವ ಸ್ವಿಚ್, ಮನೆಯ 30 ಮಿಲಿ ಆಂಪಿಯರ್ ಆರ್‌ಸಿಸಿಬಿ, ಟಪ್ಪೆಂದು ಬಿತ್ತು. ಅದಿಲ್ಲದ ಮನೆಯವರು ಇಂಥ ಪಂಪ್ ತರಲೇಬೇಡಿ. ವೈರು ಬದಲಿಸೋಣವೆಂದರೆ ಅದರ ಬುಡವೂ ಅದೇ ಎಪಾಕ್ಸಿಯಲ್ಲಿ ಹೂತಿದೆ. ಟೇಪ್ ಸುತ್ತಿದ ಜಾಯಿಂಟನ್ನು ನೀರಲ್ಲಿ ಮುಳುಗಿಸುವ ಧೈರ್ಯ ನನಗಿಲ್ಲ. ಒಂದೇ ಮೀಟರ್ ವೈರು ಕೊಡುವವರು ಆ ಬುಡದಲ್ಲಿ ಒಂದು ರಬ್ಬರ್ ತೋಳಾದರೂ ಹಾಕಬಾರದಿತ್ತೇ? ಒಳಗೆ ಮೋಟಾರ್ ಇನ್ನೂ ಗುಂಡುಕಲ್ಲಿನಂತಿದೆ, ಎಸೆಯಬೇಕು.

ಎಸೆದಿಲ್ಲ. ಅಡುಗೆಮನೆ ಬಾಗಿಲು ಗಾಳಿಗೆ ಬಡಿಯದಂತೆ ಅದನ್ನೇ ಒತ್ತಿಟ್ಟಿದ್ದೇನೆ. ಕೂಲರಿಗೆ ಅಂಥದೇ ಇನ್ನೊಂದು ತಂದೆ. ಈ ಸಲ ವೈರನ್ನು ಗಾರ್ಡನ್ ಪೈಪಿನ ತುಂಡಿನೊಳಗೆ ತೂರಿಸಿದ್ದೇನೆ. ಬೇಸಿಗೆ ಮುಗಿದ ಮೇಲೆ ಅದರ ಜಾಗ ಅಟ್ಟವಲ್ಲ, ಸ್ಟೀಲ್ ಡಬ್ಬಿ.