ಕುಲದೀಪ್ ನಯ್ಯರ್ ಅವರ ಮೂರು ಪುಸ್ತಕ: ಮೊದಲು ಯಾವುದು?

ಕಾಸರಗೋಡಿನಲ್ಲಿ ಪದವಿ ಓದುತ್ತಿರುವ ತಂಗಿಯ ಮಗಳು ಕೇಳಿದಳು: "ಮಾವ, ತುರ್ತುಪರಿಸ್ಥಿತಿಯಲ್ಲಿ ಆದದ್ದಾದರೂ ಏನು? ಒಂದೇ ಒಂದು ಪುಸ್ತಕ ಕೊಡಿ." ಆ ಒಂದನ್ನು ಆರಿಸುವುದಕ್ಕಾಗಿ ಪತ್ರಕರ್ತ ಕುಲದೀಪ್ ನಯ್ಯರ್ ಅವರ ಮೂರು ಪುಸ್ತಕಗಳನ್ನು ಈ ಮಳೆಗಾಲದಲ್ಲಿ ಮತ್ತೆ ಓದಿದೆ. 'ದಿ ಜಡ್ಜ್‌ಮೆಂಟ್', 'ಇನ್ ಜೈಲ್', 'ಬಿಯಾಂಡ್ ದಿ ಲೈನ್ಸ್'. ಬದಿಯಡ್ಕದ ಮನೆಯ ಜಗಲಿಯಲ್ಲಿ ಕೂತು, ಕೆಲವು ಪುಟಗಳನ್ನು ಅಲ್ಲಲ್ಲೇ ಕನ್ನಡ ಮಾಡಿ ಅವಳಿಗೆ ಓದಿ ಹೇಳಿಯೂ ನೋಡಿದೆ.

'ದಿ ಜಡ್ಜ್‌ಮೆಂಟ್' 1977ರದ್ದು, ಗಾಯ ಹಸಿಯಿದ್ದಾಗಲೇ ಬರೆದದ್ದು. ಇಂದಿರಾ ಗಾಂಧಿಯವರ ಆಯ್ಕೆಯನ್ನು ಅಲಹಾಬಾದ್ ಹೈಕೋರ್ಟ್ ಅಸಿಂಧುಗೊಳಿಸಿದ 1975ರ ಜೂನ್ 12ರ ತೀರ್ಪಿನ ಸುತ್ತಣ ಪುಟಗಳು ಉಸಿರು ಬಿಗಿಹಿಡಿದು ಓದಿಸುತ್ತವೆ. ತುರ್ತುಪರಿಸ್ಥಿತಿ ಹೇರಿದ ಜೂನ್ 25ರ ರಾತ್ರಿ ದೆಹಲಿಯ ಪತ್ರಿಕಾ ಕಚೇರಿಗಳಿಗೆ ವಿದ್ಯುತ್ ಕಡಿದ ಸಂಗತಿಯನ್ನು ಓದುವಾಗ ಇವಳೂ ಸೆಟೆದು ಕೂತಳು. ಆದರೆ ಮುಂದೆ ಹೆಸರುಗಳ ಕಾಡು. ಯಾರ ಬಂಗಲೆಗೆ ಯಾರು ಹೋದರು, ಯಾರು ಯಾರಿಗೆ ಫೋನ್ ಮಾಡಿದರು! ಆ ಕಾಲವನ್ನು ಕಂಡವರಿಗೆ ಅದೇ ರುಚಿ. ಇಪ್ಪತ್ತರ ಹುಡುಗಿಗೆ ನಾನು ಒಂದು ಹಾಳೆಯಲ್ಲಿ ಹೆಸರುಗಳ ಪಟ್ಟಿಯನ್ನೇ ಬರೆದುಕೊಡಬೇಕಾಯಿತು.

'ಇನ್ ಜೈಲ್' 1978ರದ್ದು. ಸೆನ್ಸಾರ್‌ಶಿಪ್ ವಿರುದ್ಧ ಪತ್ರಕರ್ತರನ್ನು ಒಟ್ಟುಗೂಡಿಸಿದ ನಯ್ಯರ್ ಅವರನ್ನು 1975ರ ಜುಲೈನಲ್ಲಿ, ವಿಚಾರಣೆಯಿಲ್ಲದೆ ಸೆರೆಯಲ್ಲಿಡಲು ಬಿಡುವ ಮೀಸಾ ಕಾಯ್ದೆಯಡಿ ಬಂಧಿಸಿ ತಿಹಾರ್ ಜೈಲಿಗೆ ಹಾಕಿದರು. ಆ ದಿನಗಳ ಕಥೆ ಇದು. ಇಲ್ಲಿ ಮಂತ್ರಿಗಳ ಮಾತುಕತೆಗಿಂತ ಬ್ಯಾರಕ್ಕಿನ ಬದುಕೇ ಮುಂದೆ ಬರುತ್ತದೆ. ಒಂದು ಭಾಗ ನನ್ನನ್ನು ಇಂದಿಗೂ ಬಿಟ್ಟಿಲ್ಲ. ಒಳಗಿರುವವರ ಸಂಖ್ಯೆ ಹೆಚ್ಚಿದರೆ ಅವರ ಚಾಕರಿಗೆ 'ಸಹಾಯಕರು' ಬೇಕು. ಜೈಲಿನವರು ಪೊಲೀಸರಿಗೆ ಹೇಳಿದರೆ ಸಾಕು, ಬೀದಿಯ ಹುಡುಗರನ್ನು ಏನೋ ಒಂದು ಆರೋಪ ಹೊರಿಸಿ ಹಿಡಿದು ತರುತ್ತಾರೆ. ತನ್ನ ಸೆರೆಯ ಕಷ್ಟ ಹೇಳಲು ಕೂತವನು ತನಗೆ ಚಾಕರಿ ಮಾಡುವ ಹುಡುಗನ ಸೆರೆಯನ್ನು ಕಂಡನಲ್ಲ, ಆ ಕಣ್ಣಿಗಾಗಿ ನಾನು ನಯ್ಯರ್ ಅವರನ್ನು ಓದುತ್ತೇನೆ. ಇದನ್ನು ಓದಿ ಹೇಳಿದ ಮೇಲೆ ಅವಳು ಬಹಳ ಹೊತ್ತು ಮಾತಾಡಲಿಲ್ಲ.

ಅವರ ಪತ್ನಿ ದೆಹಲಿ ಹೈಕೋರ್ಟಿಗೆ ಹೇಬಿಯಸ್ ಕಾರ್ಪಸ್ ಅರ್ಜಿ, ಎಂದರೆ ಬಂಧಿತನನ್ನು ಕೋರ್ಟಿನ ಮುಂದೆ ತರಬೇಕೆಂಬ ಅರ್ಜಿ, ಹಾಕಿದರು. ತೀರ್ಪು ಬರುವ ಮೊದಲೇ ಸರ್ಕಾರ ನಯ್ಯರ್ ಅವರನ್ನು ಬಿಟ್ಟಿತು. ಆದರೂ ನ್ಯಾಯಮೂರ್ತಿಗಳಾದ ರಂಗರಾಜನ್ ಮತ್ತು ಅಗರ್‌ವಾಲ್ ಬಂಧನ ತಪ್ಪೆಂದು ತೀರ್ಪು ಕೊಟ್ಟರು. ಆಮೇಲೆ ಒಬ್ಬರಿಗೆ ಗುವಾಹಟಿಗೆ ವರ್ಗ, ಇನ್ನೊಬ್ಬರಿಗೆ ಸೆಷನ್ಸ್ ನ್ಯಾಯಾಧೀಶರ ಹುದ್ದೆಗೆ ಹಿಂಬಡ್ತಿ. ಇದರ ಪಕ್ಕದಲ್ಲಿ ನಮ್ಮ ಕೇರಳದ ಕಥೆಯನ್ನು ನಾನೇ ಹೇಳಿದೆ: ಕಲ್ಲಿಕೋಟೆಯ ಎಂಜಿನಿಯರಿಂಗ್ ಕಾಲೇಜಿನ ವಿದ್ಯಾರ್ಥಿ ರಾಜನ್‌ನನ್ನು 1976ರ ಮಾರ್ಚ್ 1ರಂದು ಪೊಲೀಸರು ಕರೆದೊಯ್ದರು. ತಂದೆ ಈಚರ ವಾರಿಯರ್ ಅವರ ಹೇಬಿಯಸ್ ಕಾರ್ಪಸ್ ಅರ್ಜಿ ಹೈಕೋರ್ಟಿಗೆ ಬಂದದ್ದು 1977ರಲ್ಲಿ. ಮಗನ ಶವವೂ ಅವರಿಗೆ ಸಿಗಲಿಲ್ಲ.

2012ರ 'ಬಿಯಾಂಡ್ ದಿ ಲೈನ್ಸ್' ಆತ್ಮಕಥೆ. ದಪ್ಪ ಪುಸ್ತಕ. ತುರ್ತುಪರಿಸ್ಥಿತಿ ಅದರಲ್ಲಿ ಒಂದು ಪಾಲು ಮಾತ್ರ, ನಡುವೆ ಅವರು ಬ್ರಿಟನ್ನಿನಲ್ಲಿ ಭಾರತದ ರಾಯಭಾರಿಯಾಗಿದ್ದ ಕಾಲದ ಪುಟಗಳನ್ನು ನಾನು ಬೇಗ ದಾಟಿದೆ. ಆದರೆ ದೇಶ ವಿಭಜನೆಯಾದಾಗ ಸಿಯಾಲ್‌ಕೋಟ್ ಬಿಟ್ಟು ಬಂದ ತರುಣ ದೆಹಲಿಯ ಉರ್ದು ಪತ್ರಿಕೆ 'ಅಂಜಾಮ್' ಸೇರಿದಾಗ, ಕವಿ ಹಸರತ್ ಮೊಹಾನಿ ಅವನಿಗೆ ಈ ದೇಶದಲ್ಲಿ ಉರ್ದುವಿಗೆ ಭವಿಷ್ಯವಿಲ್ಲ, ಇಂಗ್ಲಿಷಿಗೆ ಹೋಗು ಎಂದು ಬುದ್ಧಿ ಹೇಳುತ್ತಾರೆ. 1956ರಲ್ಲಿ ಒಂದು ಗೆರೆ ಎಳೆದು ಕಾಸರಗೋಡಿನ ಕನ್ನಡಿಗರಾದ ನಮ್ಮನ್ನು ಕೇರಳಕ್ಕೆ ಸೇರಿಸಿದ ಮೇಲೆ ಇಲ್ಲಿನ ಎಷ್ಟು ಮನೆಗಳಲ್ಲಿ ಮಕ್ಕಳಿಗೆ ಕನ್ನಡದ ಬಗ್ಗೆ ಇದೇ ಮಾತು ಹೇಳಿಲ್ಲ? ಆ ಪುಟದಲ್ಲಿ ಪೆನ್ಸಿಲಿನಿಂದ ಗೆರೆ ಹಾಕಿದ್ದೇನೆ. ಮೂರರಲ್ಲಿ ನನಗೆ ಅತ್ಯಂತ ಪ್ರಿಯವಾದದ್ದು ಇದೇ.

ಅವಳ ಕೈಗೆ ಕೊಟ್ಟದ್ದು 'ಇನ್ ಜೈಲ್'. ಅದು ಮುಗಿದ ಮೇಲೆ 'ದಿ ಜಡ್ಜ್‌ಮೆಂಟ್' ಒಯ್ಯಲಿ, ಹೆಸರುಗಳ ಹಾಳೆಯನ್ನು ಅದರೊಳಗೇ ಇಟ್ಟಿದ್ದೇನೆ.