ಪಬ್ಬಿನ ಗಾರ್ಡನ್: ಊಟಕ್ಕೆ ಎರಡು ಸ್ಟಾರ್, ಹುಡುಗಿಗೆ ಐದು

ಕೊರೋನಾ ಲಾಕ್‌ಡೌನ್ ಸಡಿಲವಾಗಿ ಇಂಗ್ಲೆಂಡಿನ ಪಬ್ಬುಗಳು 2021ರ ಏಪ್ರಿಲ್ 12ಕ್ಕೆ ತೆರೆದವು. ತೆರೆದದ್ದು ಹಿತ್ತಲು ಮಾತ್ರ. ಒಳಗೆ ಕೂರಬೇಕಂದ್ರೆ ಮೇ 17ರ ತನಕ ಕಾಯಬೇಕಿತ್ತು. ಮಾರ್ಚ್ 30ಕ್ಕೆ ಲಂಡನ್ನಿನ ಕ್ಯೂ ಗಾರ್ಡನ್ಸ್‌ನಲ್ಲಿ 24.5 ಡಿಗ್ರಿ ಬಿಸಿಲಿತ್ತಲ್ಲ, ಅದನ್ನೇ ನಂಬಿ ರೆಡಿಂಗ್‌ನಲ್ಲಿ ನಮ್ಮನೆ ಹತ್ತಿರದ ಪಬ್ಬಿನಲ್ಲಿ ಮೇ 3ರ ಬ್ಯಾಂಕ್ ಹಾಲಿಡೇಗೆ ಟೇಬಲ್ ಬುಕ್ ಮಾಡಿಟ್ಟಿದ್ವಿ. ತಲೆಗೆ 10 ಪೌಂಡ್ ಮುಂಗಡ. ಮಳೆ ಬಂದರೂ ವಾಪಸ್ ಇಲ್ಲ.

ಆಮೇಲೆ ಏಪ್ರಿಲ್ ಪೂರ್ತಿ ಬೆಳಗಾದ್ರೆ ಕಾರಿನ ಗಾಜಿನ ಮೇಲೆ ಹಿಮ. ಮೇ 3ಕ್ಕೆ ಗಾಳಿ, ಮಳೆ ಎರಡೂ.

ಚಪ್ಪರ ಹಾಕಿದ್ದಾರೆ, ಇಲ್ಲ ಅನ್ನಲ್ಲ. ಆದರೆ ಸುತ್ತಲಿನ ಗೋಡೆ ಅರ್ಧದಷ್ಟಾದರೂ ತೆರೆದಿರಬೇಕಿತ್ತು, ಮುಚ್ಚಿದರೆ ಸರ್ಕಾರದ ಲೆಕ್ಕದಲ್ಲಿ ಅದು ‘ಒಳಗೆ’ ಆಗ್ತಿತ್ತು. ಹಾಗಾಗಿ ಎರಚಲು ನೇರ ತಟ್ಟೆಗೇ. ನಾನು ತೀರ್ಥಹಳ್ಳಿ ಕಡೆಯವಳು, ಮಳೆ ನನಗೆ ಹೊಸದಲ್ಲ. ಆದರೆ ನಮ್ಮ ಕಡೆ ಮಳೆ ಬಂದಾಗ ಜಗಲಿಯಿಂದ ಒಳಗೆ ಹೋಗೋ ಸ್ವಾತಂತ್ರ್ಯ ಇರುತ್ತೆ. ಗ್ಯಾಸ್ ಹೀಟರ್ ನೆತ್ತಿ ಸುಡುತ್ತೆ, ಮೊಣಕಾಲಿಂದ ಕೆಳಗೆ ಜೀವ ಇಲ್ಲ.

ನಾವು ಎರಡು ಸಂಸಾರ, ಮಕ್ಕಳು ಸೇರಿ ಎಂಟು ಜನ. ಆರು ಜನ ಮೀರಬಾರದು, ಎರಡೇ ಮನೆಯವರಾದರೆ ಪರವಾಗಿಲ್ಲ ಅನ್ನೋ ನಿಯಮ ಆಗ ಇದ್ದಿದ್ದರಿಂದ ತಕರಾರಿಲ್ಲದೆ ಕೂರಿಸಿದರು. ಸೋಂಕಿತರ ಸಂಪರ್ಕ ಪತ್ತೆಗೆ ಅಂತ ದೊಡ್ಡವರೆಲ್ಲ ಫೋನಿನಲ್ಲಿ ಚೆಕ್‌ಇನ್ ಮಾಡಿದ್ದಾಯ್ತು, ಟಾಯ್ಲೆಟ್‌ಗೆ ಎದ್ದರೆ ಮಾಸ್ಕು.

ಹಲೂಮಿ (ಸುಟ್ಟು ತಿನ್ನೋ ಒಂದು ಬಗೆಯ ಚೀಸ್) ಬರ್ಗರ್ 12 ಪೌಂಡ್. ಹಲೂಮಿ ಬಿಸಿಯಿದ್ದರೆ ಮಾತ್ರ ಹಲೂಮಿ, ಆರಿದರೆ ರಬ್ಬರ್. ಅಡುಗೆಮನೆಯಿಂದ ನಮ್ಮ ಟೇಬಲ್ಲಿಗೆ ಬರೋಷ್ಟರಲ್ಲೇ ಆರಿತ್ತು. ಚಿಪ್ಸ್‌ಗೆ ವಿನೆಗರ್ ಹಾಕೋ ಅಗತ್ಯವೇ ಬೀಳಲಿಲ್ಲ, ಮಳೆನೀರೇ ನೆನೆಸಿತು. ಆಗ ಹೋಟೆಲ್ ಊಟದ ವ್ಯಾಟ್ 20ರಿಂದ ಶೇ. 5ಕ್ಕೆ ಇಳಿದಿತ್ತು, ಮೆನುವಿನ ದರಕ್ಕೆ ಮಾತ್ರ ಆ ಸುದ್ದಿ ಇನ್ನೂ ತಲುಪಿರಲಿಲ್ಲ.

ಮಧ್ಯೆ ಅಮ್ಮನ ವಿಡಿಯೋ ಕಾಲ್. ಕರ್ನಾಟಕದಲ್ಲಿ ಏಪ್ರಿಲ್ 27ರ ರಾತ್ರಿಯಿಂದ ಎಲ್ಲ ಬಂದ್ ಆಗಿತ್ತು, ಹೋಟೆಲಲ್ಲಿ ಪಾರ್ಸೆಲ್ ಮಾತ್ರ. ಭಾರತ 23ರಿಂದಲೇ ಇಲ್ಲಿನ ರೆಡ್ ಲಿಸ್ಟ್‌ನಲ್ಲಿ (ಪ್ರಯಾಣ ನಿರ್ಬಂಧದ ಪಟ್ಟಿ) ಇತ್ತು, ಅವರು ಆ ಬೇಸಿಗೆಗೆ ಬರೋ ಮಾತಿರಲಿಲ್ಲ. ಚಪ್ಪರ, ಕೊಡೆ, ನಮ್ಮ ಕೆಂಪು ಮೂಗು ಎಲ್ಲ ನೋಡಿ, “ಮಳೇಲಿ ಕೂತು ತಿಂತಿದ್ದೀರಲ್ಲೇ, ಮನೆ ಇಲ್ವೇನೇ ನಿಮಗೆ?” ಅಂದರು. ಆ ಕಡೆ ಅಪ್ಪ ಕೆಮ್ಮಿದ್ದು ಕೇಳಿ ನನ್ನ ಹಸಿವೇ ಹೋಯ್ತು. ಬರೀ ಧೂಳಂತೆ.

ಐದು ಸ್ಟಾರ್ ನಮ್ಮ ಟೇಬಲ್ಲಿಗೆ ಬಂದ ಹುಡುಗಿಗೆ. ಒಂದು ಕೈಲಿ ಕೊಡೆ, ಇನ್ನೊಂದರಲ್ಲಿ ಟ್ರೇ, ಮಾಸ್ಕ್ ಒದ್ದೆಯಾಗಿ ಮೂಗಿಗೆ ಅಂಟಿಕೊಂಡಿದೆ. ನಮ್ಮ ಚಿಕ್ಕವನು ನಡುಗೋದು ನೋಡಿ ಕೇಳದೆಯೇ ಬಿಸಿ ಚಾಕೊಲೇಟ್ ತಂದಿಟ್ಟಳು, ಬಿಲ್ಲಿನಲ್ಲಿ ಅದು ಇರಲೇ ಇಲ್ಲ.

ಹೋಗುವವರು ಮನೆಯಿಂದ ರಗ್ಗು ತಗೊಂಡು ಹೋಗಿ, ಅವರಲ್ಲಿರೋವು ಮಧ್ಯಾಹ್ನ ಒಂದಕ್ಕೇ ಖಾಲಿ. ಗೋಡೆ ಪಕ್ಕದ ಟೇಬಲ್ ಕೇಳಿ. ಗೇಟಿನ ಕಡೆಯದು ಕೊಟ್ಟರೆ ಬೇಡ ಅನ್ನಿ.